ಅವರ ಅಂಗೈಯಲ್ಲಿ ನನ್ನ ಇಷ್ಟಲಿಂಗ

ನಾಸಿಕ್, ಬುಧವಾರ, ನವೆಂಬರ್ ೧೨

ಇವರು ಏನೋ ಮುಚ್ಚಿಡುತ್ತಿದ್ದಾರೆ.

ರೇಡಿಯೇಶನ್ ಆದಮೇಲೂ ನನ್ನ ಕಿವಿಯ ಹಿಂದಿನ ಗಡ್ಡೆ ಮತ್ತೆ ಬೆಳೆದಿದೆ. ಕ್ಯಾನ್ಸರ್ ಅಲ್ಲ, ಆದರೂ ತೆಗೆಸಿಬಿಡಿ ಎಂದಿದ್ದರು ಇಲ್ಲಿಯ ಡಾಕ್ಟರು. ಇನ್ನೊಬ್ಬರನ್ನೂ ಕೇಳೋಣವೆಂದು ಇವತ್ತು ಸಂಭಾಜಿನಗರಕ್ಕೆ ಹೋಗಿದ್ದೆವು. ಸ್ಕ್ಯಾನಿಗೆ ಮುಂಚೆ ಕೊರಳ ಇಷ್ಟಲಿಂಗ ಬಿಚ್ಚಿ ಇವರ ಕೈಗೆ ಕೊಟ್ಟೆ. ಸ್ಕ್ಯಾನ್ ಮುಗಿದು ನಾನು ಮತ್ತೆ ಸೀರೆ ಉಟ್ಟು ಬರುವಷ್ಟರಲ್ಲಿ ಅಲ್ಲಿಯ ಡಾಕ್ಟರು ಇವರೊಬ್ಬರನ್ನೇ ಕರೆದು ಮಾತಾಡಿದ್ದರು.

"ಅವಸರ ಇಲ್ಲಂತ. ಆರು ತಿಂಗಳ ತಡೀಬಹುದಂತ," ಎಂದರು ಬಸ್ಸಿನಲ್ಲಿ, ಕಿಟಕಿಯ ಕಡೆ ನೋಡುತ್ತ.

ನಂಬಲಾರೆ. ನಾನು ಹೊರಬಂದಾಗ, ಮದುವೆಯಾದಾಗಿನಿಂದ ತಮ್ಮ ಲಿಂಗವನ್ನೇ ಪೂಜಿಸದ ಮನುಷ್ಯ ನನ್ನದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವಂತಿಲ್ಲ ಎಂಬುದೂ ಇವರಿಗೆ ನೆನಪಿರಲಿಲ್ಲ.

ಆಪರೇಷನ್ ಆಗಲಿ. ನಾಳೆ ಇಲ್ಲಿಯ ಡಾಕ್ಟರಿಗೆ ನಾನೇ ಹೇಳುತ್ತೇನೆ. ಆಪರೇಷನ್ ದಿನವೂ ಲಿಂಗ ಬಿಚ್ಚಿ ಇವರ ಕೈಗೇ ಕೊಡುವೆ.