ಬೆರಳಿಗೆ ತಾಗುವ ಅಂಚು

ಪ್ರೀತಿಯ ಅಪ್ಪ,

ಬಾಯಿಬಿಟ್ಟು ಹೇಳಿದರೆ ರೇಗುತ್ತೀಯ, ಅಮ್ಮ ಹೇಳಿದರೆ ರೇಡಿಯೊ ಜೋರು ಮಾಡುತ್ತೀಯ. ಆದರೆ ಮುಂದಿಟ್ಟ ಬರಹವನ್ನು ಓದದೆ ಬಿಟ್ಟವನಲ್ಲ ನೀನು. ಅಂಗಡಿಯವನು ಪೊಟ್ಟಣ ಕಟ್ಟಿಕೊಟ್ಟ ಕಾಗದವನ್ನೂ ಓದಿ, ತಪ್ಪು ತಿದ್ದಿ, ಆಮೇಲೆ ಎಸೆಯುವವನು. ಅದಕ್ಕೇ ಇದನ್ನು ಬರೆದು ನಿನ್ನ ಮೇಜಿನ ಮೇಲೆ ಇಡುತ್ತಿದ್ದೇನೆ. ಇವತ್ತು ಬೆಳಿಗ್ಗೆ ಕಣ್ಣಾಸ್ಪತ್ರೆಯಲ್ಲಿ ನಿನ್ನ ಹೆಸರು ಕೂಗುತ್ತಾರೆ. ನೀನೋ, “ಅಂಚಿನ ಪದಗಳು ಮುಗೀಲಿ, ಆಮೇಲೆ ನೋಡೋಣ” ಎಂದು ಪಟ್ಟು ಹಿಡಿದು ಕೂತಿದ್ದೀಯ. ಕೊನೆಯವರೆಗೆ ಓದು. ನಡುವೆ ಎದ್ದು ಬಾಗಿಲು ಹಾಕಿಕೊಳ್ಳಬೇಡ.

‘ಅಂಚು’ ಎಂಬ ಅರ್ಥದ ಆ ಇಂಗ್ಲಿಷ್ ಪದಗಳ ಕತೆ ನನಗೇನು ಹೊಸದೆ? ನಿನ್ನ ಇಂಗ್ಲಿಷ್-ಕನ್ನಡ ನಿಘಂಟಿಗೆ ಪದಕ್ಕೊಂದರಂತೆ ಅರ್ಥ ಬರೆದಿಡುವ ಚೀಟಿಗಳ ನಡುವೆಯೇ ಬೆಳೆದವಳು ನಾನು, ಈಗ ಅದರ ಕರಡು ತಿದ್ದುವವಳೂ ನಾನೇ. ನಿನ್ನದೊಂದು ಹಟ: ಬೆರಳಿಗೆ ತಾಗದ ಅರ್ಥ ಚೀಟಿಗೆ ಇಳಿಯಬಾರದು. ‘ಎಡ್ಜ್’ ಬಂದಾಗ ಚಾಕು ತರಿಸಿ, ಅಲಗಿನ ಮೇಲೆ ಮೆಲ್ಲಗೆ ಬೆರಳಾಡಿಸಿ, “ಇದು ಕೊಯ್ಯೋ ಅಂಚು” ಎಂದು ಬರೆಸಿದೆ. ‘ರಿಮ್’ ಬಂದಾಗ ನನ್ನ ಸೈಕಲ್ಲಿನ ಚಕ್ರ ಬಿಚ್ಚಿದೆ, ನಾನು ನಡೆದುಕೊಂಡು ಕೆಲಸಕ್ಕೆ ಹೋದೆ. ‘ಬ್ರಿಮ್’ ಬಂದಾಗ ಲೋಟದ ಬಾಯಂಚಿನ ತನಕ ನೀರು. ಅಮ್ಮ ಸೌಟು ಹಿಡಿದು ಬಂದು, “ಚಾಕೂ ಹೋಯ್ತು, ಲೋಟಾನೂ ಹೋಯ್ತು. ಇನ್ನು ನನ್ನನ್ನ ಯಾವ ಚೀಟಿಗೆ ಅಂಟಿಸ್ತೀರಿ?” ಎಂದು ಕೇಳಿದಳು. ನೀನು ತಲೆಯೆತ್ತದೆ, “ನೀನು ಒಂದು ಚೀಟಿಗೆ ಹಿಡಿಸೋಳಾ?” ಎಂದೆ. ಅವಳು ನಗು ತಡೆಯಲಾರದೆ ಒಳಗೆ ಹೋದಳು.

ಇವೆಲ್ಲಕ್ಕಿಂತ ನಿನಗೆ ಪ್ರಾಣ ಎಂದರೆ ‘ಬ್ರೆರ್ಡ್’. ಎಂದೋ ಸತ್ತುಹೋದ ಪದ. ಹಿಂದಿನ ಇಂಗ್ಲಿಷಿನವರು ಪಾತ್ರೆಯ ಬಾಯಂಚಿಗೆ ಹಾಗೆನ್ನುತ್ತಿದ್ದರಂತೆ. ಈಗ ಬಳಸುವವರಿಲ್ಲ, ಆದರೂ ‘ಬ್ರಿಮ್’ ಪಕ್ಕದಲ್ಲಿ ಅದಕ್ಕೊಂದು ಸಾಲು ಕೊಡಲೇಬೇಕು ಎಂದು ಸಂಪಾದಕ ಮಂಡಳಿಯ ಜತೆ ಜಗಳ ತೆಗೆದವನು ನೀನು. ಅದು ಯಾವಾಗ ಸತ್ತಿತು ಎಂದು ನಾನು ಕೇಳಿದ್ದೆ. “ಯಾರಿಗೆ ಗೊತ್ತು ಮಗಳೇ? ಅದರ ಕೆಲಸ ಮಾಡೋಕೆ ‘ಬ್ರಿಮ್’ ಬಂದು ಕೂತಿತ್ತು. ಕೆಲಸ ನಡೀತಿದ್ರೆ ಹೋದವರನ್ನ ಯಾರೂ ಹುಡುಕಲ್ಲ” ಎಂದಿದ್ದೆ ನೀನು.

ಆ ಮಾತು ಈಗ ನನ್ನನ್ನು ನೆಮ್ಮದಿಯಾಗಿ ಇರಲು ಬಿಡುತ್ತಿಲ್ಲ. ನೀನು ಲೋಟದೊಳಗೆ ಬೆರಳು ಇಳಿಬಿಟ್ಟು, ಅದು ಒದ್ದೆಯಾಗುವವರೆಗೆ ನೀರು ಸುರಿಯತೊಡಗಿದಾಗ ನಾವು ನಕ್ಕೆವು. ನೀನು ಬಾಗಿಲ ಚೌಕಟ್ಟು ಸವರಿ ಒಳಗೆ ಬರುತ್ತಿದ್ದೆ, ಮೇಜು ಸವರಿ ಕುರ್ಚಿ ಎಳೆದುಕೊಳ್ಳುತ್ತಿದ್ದೆ. ಯಾವುದೋ ಪದದ ಪರೀಕ್ಷೆ ನಡೆದಿದೆ ಎಂದುಕೊಂಡೆವು. ನಿನ್ನ ಕಣ್ಣಿನ ಕೆಲಸವನ್ನು ಬೆರಳು ಮಾಡುತ್ತಿತ್ತು. ಕೆಲಸ ನಡೆಯುತ್ತಿತ್ತು, ಹಾಗಾಗಿ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಆಮೇಲೆ ಬಂತು ಆ ರೈಲು ನಿಲ್ದಾಣ. ಅಂಚಿನ ಪದಗಳಲ್ಲಿ ‘ಬ್ರಿಂಕ್’, ಅಂದರೆ ಇನ್ನೊಂದು ಹೆಜ್ಜೆಯಿಟ್ಟರೆ ಬೀಳುವ ಅಂಚು, ಅದೊಂದಕ್ಕೆ ಮಾತ್ರ ಮನೆಯಲ್ಲಿ ವಸ್ತು ಸಿಗದೆ ಚೀಟಿ ಖಾಲಿ ಉಳಿದಿತ್ತು. ಇಬ್ಬರೂ ಮುದ್ರಣಾಲಯಕ್ಕೆ ಹೊರಟು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆವು, ನೀನು ಅದನ್ನೇ ಮಾತಾಡುತ್ತಿದ್ದೆ. ಮಾತಾಡುತ್ತಲೇ ಮುಂದಕ್ಕೆ ಸರಿದೆ. ನಿನ್ನ ಕಾಲು ಹಳದಿ ಗೆರೆ ದಾಟಿತು. ರೈಲು ಕೂಗಿತು. ನೀನು ಮತ್ತೆ ಸರಿದೆ, ಚಪ್ಪಲಿಯ ತುದಿ ಗಾಳಿಯಲ್ಲಿತ್ತು. ನಾನು ಕಾಲರ್‌ಗೆ ಕೈಹಾಕಿ ಎಳೆದ ರಭಸಕ್ಕೆ ಅಂಗಿಯ ಗುಂಡಿ ಕಿತ್ತುಹೋಯಿತು. ಅಷ್ಟು ಜನರೆದುರು ನೀನು ಕೂಗಾಡಿದೆ: “ತಲೆ ಕೆಟ್ಟಿದೆಯಾ ನಿನಗೆ? ಅಂಚು ಅಷ್ಟು ದೂರ ಇದೆ!” ನೀನು ಕೈ ತೋರಿಸಿದ್ದು ಎದುರುಗಡೆ ಪ್ಲಾಟ್‌ಫಾರಂನ ಅಂಚಿನ ಕಡೆಗೆ. ಹಳಿಗಳು ನಮ್ಮ ಕಾಲ ಕೆಳಗೇ ಇದ್ದವು.

ಅದಾದ ಮೇಲೆ ನಿನ್ನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಮ್ಮ ಏನೂ ಮುಚ್ಚಿಡಲಿಲ್ಲ. “ಗ್ಲಾಕೋಮಾ. ದೃಷ್ಟೀನ ಅಂಚಿನಿಂದ ತಿನ್ಕೊಂಡು ಬಂದಿದೆ. ಹೋದದ್ದು ವಾಪಸ್ ಬರಲ್ಲ. ಉಳಿದಿರೋದು ಉಳೀಬೇಕು ಅಂದ್ರೆ ಆಪರೇಷನ್ ಮುಂದಕ್ಕೆ ಹಾಕಬೇಡಿ” ಎಂದರು. ಹೊರಗೆ ಬಂದವನೇ ನೀನು, “ಅಕ್ಷರ ಕಾಣುತ್ತಲ್ಲ, ಅಷ್ಟು ಸಾಕು” ಎಂದುಬಿಟ್ಟೆ. ಆ ‘ಸಾಕು’ ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಪ್ಪ, ಮುಂದೆ ಹೋಗುವುದು ಆ ಅಕ್ಷರವೇ. ನಿನಗೆ ಹೆದರಿಕೆ ಎಂದು ಗೊತ್ತು. ಕತ್ತರಿ ಹಾಕಿದರೆ ಇರುವುದೂ ಹೋದೀತೆಂಬ ಹೆದರಿಕೆ. ನನಗೂ ಅದೇ ಇದೆ. ಆದರೆ ಕೈಕಟ್ಟಿ ಕೂತು, ನಿಧಾನವಾಗಿ ನಿನಗೆ ನಾನೇ ಕಾಣದ ಹಾಗಾಗುವುದನ್ನು ನೋಡಲಾರೆ.

‘ಬ್ರಿಂಕ್’ ಚೀಟಿ ಇನ್ನು ಖಾಲಿ ಇಲ್ಲ, ನಾನೇ ತುಂಬಿದ್ದೇನೆ: “ನಿಂತವನಿಗೆ ಕಾಣದ, ಹಿಂದಿರುವವರಿಗೆ ಕಾಣುವ ಅಂಚು.” ನಿನ್ನ ನಿಯಮ ಮುರಿದಿಲ್ಲ. ನಿನ್ನ ಕಾಲರ್ ನನ್ನ ಬೆರಳಿಗೆ ತಾಗಿದೆ. ಅರ್ಥ ಸರಿಯಿಲ್ಲವಾದರೆ ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನಿನ್ನ ಕೈಯಾರೆ ತಿದ್ದು.

ಕೊನೆಯದಾಗಿ ಒಂದು ಮಾತು. ಈ ಪತ್ರವನ್ನು ಹಾಳೆಯ ನಡುವೆ ನಾಲ್ಕು ಬೆರಳಗಲದಲ್ಲಿ ಮಾತ್ರ ಬರೆದಿದ್ದೇನೆ, ಅದಕ್ಕೇ ನೀನು ಎಲ್ಲೂ ತಡವರಿಸದೆ ಓದಿದೆ. ಎರಡೂ ಬದಿಯ ಮಾರ್ಜಿನ್‌ನಲ್ಲಿ, ಮೇಲಿಂದ ಕೆಳಗಿನವರೆಗೆ, ಕೆಂಪು ಶಾಯಿಯಲ್ಲಿ ದಪ್ಪಗೆ ಒಂದೇ ಮಾತು ಬರೆದಿದೆ: “ಅಪ್ಪ, ಬಲಕ್ಕೆ ತಿರುಗು.” ಅದು ಕಂಡಿದ್ದರೆ ನೀನು ಮೊದಲ ಸಾಲಿಗೇ ತಿರುಗಿರುತ್ತಿದ್ದೆ. ಈಗಲಾದರೂ ತಿರುಗು.

ನಿನ್ನ ನಿಘಂಟಿನ ಕೊನೆಯ ಪುಟವನ್ನು ನಿನ್ನ ಕಣ್ಣೇ ಓದಲಿ.

ಇಂತಿ,
ನೀನು ಓದಲು ಕೂತಾಗಿನಿಂದ ನಿನ್ನ ಚಪ್ಪಲಿ ಹಿಡಿದು
ನಿನ್ನ ಬಲಗಡೆಯೇ ನಿಂತಿರುವ
ಮಗಳು