ಕವಳಿಕಂಟಿಯ ಬೇಲಿ

ಶಹಾಪುರ, ಬೆಳಗಾವಿ
೧೭ ಮೇ ೧೯೨೭

ಪ್ರಿಯ ಗುರುಪುತ್ರಪ್ಪನಿಗೆ ನಾಗಲಿಂಗನ ನಮಸ್ಕಾರ.

ಮಾನ್ಯ ಅಧ್ಯಕ್ಷರೇ, ದಾನಶೂರ ಮಹಾಜನರೇ, ಹಿಂದಿನ ಸಾಲಿನಲ್ಲಿ ಗಂಭೀರವಾಗಿ ತೂಕಡಿಸುತ್ತಿರುವ ವೃಕ್ಷಬಂಧುಗಳೇ! ನಗಬೇಡ. ನಿನಗೆ ಬರೆಯದೆ ಹತ್ತು ತಿಂಗಳಾದವು. ನೇರವಾಗಿ ಮಾತು ಬರುತ್ತಿಲ್ಲ, ಭಾಷಣ ಮಾತ್ರ ಬರುತ್ತಿದೆ. ನೀನು ಹುಬ್ಬಳ್ಳಿಯ ತಂಗಿಯ ಮನೆ ಸೇರಿದ ಮೇಲೆ ನಿನ್ನ ಮೂರು ಪತ್ರ ಬಂದವು. ಮೂರಕ್ಕೂ ಉತ್ತರ ಬರೆದು ಹರಿದು ಹಾಕಿದೆ. ತಡವಾಯಿತು, ಕ್ಷಮಿಸು.

ನಮ್ಮ ವೃಕ್ಷಸೇವಾ ಮಂಡಳಿ ಇನ್ನೂ ಉಸಿರಾಡುತ್ತಿದೆ. ಶಹಾಪುರದ ನೇಕಾರರ ಓಣಿಯಲ್ಲೂ ಅನಗೋಳದಲ್ಲೂ ಹೆಂಗಸರು ದಿನಾ ಅಡಿಗೆಗೆ ಮುಂಚೆ ನಮ್ಮ ಮಡಕೆಗೆ ಒಂದು ಹಿಡಿ ಅಕ್ಕಿ ಹಾಕುತ್ತಾರೆ. ಗಿಡ ನೆಡಲು ಹೋಗುವ ಸ್ವಯಂಸೇವಕರಿಗೆ ಅದೇ ಊಟ. ರವಿವಾರ ಚೀಲ ಹಿಡಿದು, ನನ್ನ ಪದ ಹಾಡುತ್ತ ಹೋಗುತ್ತೇನೆ:

ಹಿಡಿ ಅಕ್ಕಿ ನೀಡವ್ವ, ಗಿಡಕೊಂದು ಪಾಲು;
ಗಿಡ ಬೆಳೆದ ದಿನ ನಿನ್ನ ಮೊಮ್ಮಗಗೆ ನೆಳಲು.

ಪದ ಬೇಗ ಮುಗಿಯಲೆಂದೇ ಅಕ್ಕಿ ಬೇಗ ಬೀಳುತ್ತದೆ ಎಂದು ನನ್ನ ಹೆಂಡತಿ ಸಾವಂತ್ರವ್ವನ ಅಭಿಪ್ರಾಯ.

ಹೋದ ರವಿವಾರ, ಅಕ್ಕಿ ಕೊಟ್ಟವರಿಗೆ ಗಿಡ ತೋರಿಸೋಣವೆಂದು ಅಧ್ಯಕ್ಷ ತ್ರ್ಯಂಬಕರಾಯರು ಎಲ್ಲರನ್ನೂ ರೈಲಿನಲ್ಲಿ ಗುಂಜಿಗೆ ಕರೆದೊಯ್ದರು. ಖಾನಾಪುರದವರೆಗೆ ರಾಯರ ಭಾಷಣ, ಅಲ್ಲಿಂದ ಮುಂದೆ ಗೊರಕೆ. ಗುತ್ತಿಗೆದಾರ ಬೋಳಿಸಿದ ಗುಡ್ಡದಲ್ಲಿ ಹೋದ ಮಳೆಗಾಲ ನಾವು ನೆಟ್ಟ ಹೊನ್ನೆ, ಮತ್ತಿ ಸಸಿಗಳು ಮೊಣಕಾಲೆತ್ತರ ಬಂದಿವೆ. ದನ ಮುಟ್ಟಿಲ್ಲ. ಪ್ರತಿ ಸಸಿಯ ಸುತ್ತ ಕವಳಿಕಂಟಿಯ ಮುಳ್ಳುಬೇಲಿ ಒಣಗಿ ಹಾಗೇ ನಿಂತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸ್ಟೇಷನ್ನಿನಲ್ಲಿ ಭರಮವ್ವ ಸಿಕ್ಕಳು, ಗಿಡ ನೆಡುವಾಗ ಅಲ್ಲಿ ನಿನಗೆ ಚಳಿಜ್ವರ ಬಂದಾಗ ಕಷಾಯ ಕುಡಿಸಿದವಳು. ಪ್ರತಿ ಬೇಸಿಗೆ ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಹಾಕಿ ರೈಲಿನವರಿಗೆ ಮಾರಿ, ಮಳೆಗಾಲದ ಕಾಳುಕಡಿ ಕೂಡಿಡುತ್ತಿದ್ದಳು. ಈ ಸಲ ಬುಟ್ಟಿಯೇ ಇಲ್ಲ. ಅರವತ್ತು ದಾಟಿದವಳು ರೈಲುದಾರಿಗೆ ಜಲ್ಲಿ ಹೊರುತ್ತಿದ್ದಾಳೆ. ನಮ್ಮ ಬೇಲಿಗೆಂದು ಕಡಿದ ಕವಳಿಕಂಟಿ ಬುಡದಲ್ಲಿ ಚಿಗುರಿದೆಯಂತೆ, ಹಣ್ಣಿಗೆ ಇನ್ನೂ ಮೂರು ವರ್ಷವಂತೆ. ನಾವು ಪಟ್ಟಣದವರು, ನೆಟ್ಟಗೆ ನಿಂತದ್ದನ್ನು ಗಿಡ ಎಂದೆವು, ಮುಳ್ಳಿದ್ದದ್ದನ್ನು ಬೇಲಿ ಎಂದೆವು.

"ನಿಮ್ಮ ಗಿಡ ಚಂದ ಅದಾವ್ರಿ, ಮಾಸ್ತರ್ರ," ಎಂದಳು ನನಗೆ. "ನನ್ನ ಗಿಡಕ್ಕ ಬೇಲಿ ಹಾಕವರು ಯಾರೂ ಇರಲಿಲ್ಲ, ನೋಡ್ರಿ."

ರಾಯರು ಆಕೆಗೆ ಒಂದು ಚೀಲ ಅಕ್ಕಿ ಕಳಿಸುತ್ತೇವೆಂದರು. ಗಿಡದ ಹೆಸರಲ್ಲಿ ಬೇಡಿದ್ದನ್ನು ತಾನು ಉಣ್ಣಲಾರೆ ಎಂದಳು. ಆಮೇಲೆ ನಿನ್ನ ಸುದ್ದಿ ತೆಗೆದಳು.

"ಆ ಉದ್ದನ್ನ ಅಣ್ಣಾರು ಎಂಥಾ ಮನಶ್ಯಾರ್ರಿ? ನನ್ನ ಕೈಯಾಗಿನ ಕಷಾಯ ಕುಡದು, ನನ್ನ ಕಂಟೀನ ಕಡಸಿದರಲ್ಲ."

"ಹೋಗ್ಲಿ ಬಿಡವ್ವಾ, ಜ್ವರದಾಗ ಏನೋ ಹೇಳ್ಯಾನ," ಎಂದರು ರಾಯರು. ನಾನು ಟೋಪಿ ಸರಿಮಾಡಿಕೊಂಡೆ.

ನಿನ್ನ ಮೂರು ಪತ್ರದಲ್ಲೂ ಒಂದೇ ಪ್ರಶ್ನೆ: ಕಂಟಿ ಕಡಿಯಲು ನಾನು ನಿಜವಾಗಿ ಹೇಳಿದೆನೆ? ಕಡಿಯಲು ನೀನೇ ಹೇಳಿದೆ ಎಂದು ಸ್ವಯಂಸೇವಕರೆಲ್ಲ ಅನ್ನುತ್ತಾರೆ, ನಿನಗೇನೂ ನೆನಪಿಲ್ಲ, ಹಾಗೆಂದು ಇಲ್ಲ ಅನ್ನಲೂ ಬಾಯಿಲ್ಲ. ನೀನು ಮಂಡಳಿ ಬಿಟ್ಟೆ, ಊರು ಬಿಟ್ಟೆ, ಮೊನ್ನೆಯ ಪತ್ರದಲ್ಲಿ ನಿದ್ದೆಯೂ ಬಿಟ್ಟಿದೆ ಎಂದು ಬರೆದಿದ್ದೀ. ಅದನ್ನು ಓದಿದ ಮೇಲೆ ನನ್ನ ಒಂದು ಪ್ರಾಸವೂ ಕೂಡಲಿಲ್ಲ.

ತಂಗಿಯ ಮಕ್ಕಳಿಗೆ ನನ್ನ ಆಶೀರ್ವಾದ; ಅವರು ನಿನ್ನಷ್ಟು ಎತ್ತರ ಬೆಳೆಯಲಿ, ನಿನ್ನಷ್ಟು ಸಂಕೋಚ ಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ.

ನಿನ್ನ
ನಾಗಲಿಂಗ

ತಾ.ಕ.: ಭಾಷಣ ಸಾಕು. ಅಂದು ನೆಟ್ಟ ಸಸಿಗಳತ್ತ ದನಗಳು ಗುಡ್ಡ ಹತ್ತುತ್ತಿದ್ದವು. ಕಂಟಿ ಕಡಿಯಿರಿ ಎಂದರೆ ಸ್ವಯಂಸೇವಕರು ನನ್ನ ಮಾತು ಕೇಳಲಿಲ್ಲ, ನಾಯಕ ಗುರುಪುತ್ರಪ್ಪನೇ ಹೇಳಲಿ ಎಂದರು. ನೀನು ಜ್ವರದಲ್ಲಿ ಮಲಗಿದ್ದ ಗುಡಿಸಲೊಳಗೆ ಹೋದೆ, ತುಸು ಕೂತೆ, ಹೊರಬಂದು "ಗುರುಪುತ್ರಪ್ಪ ಕಡೀರಿ ಅಂದಾನ" ಎಂದೆ. ಈ ಪತ್ರವನ್ನು ರಾಯರಿಗೂ ಭರಮವ್ವನಿಗೂ ನೀನೇ ಓದಿ ಹೇಳು; ನನಗೆ ಆಗಲಿಲ್ಲ. ನೀನು ಏನೂ ಹೇಳಿರಲಿಲ್ಲ. ನೀನು ಕೇಳಿದ್ದು ನೀರು. ಅವಸರದಲ್ಲಿ ಅದನ್ನೂ ಕೊಡದೆ ಬಂದೆ.