ಹಗಲಿನ ನಿದ್ದೆ

ಕೊಂಢವಾ, ಸೋಮವಾರ

ಈರಬಸಪ್ಪಣ್ಣನವರಿಗೆ,

ನನ್ನ ಗಂಡ ರಾಂಜಣಗಾಂವದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುತ್ತಾರೆಂದು ನಿಮ್ಮ ಗ್ಯಾರೇಜಿಗೆ ಬಂದು ಮೂರು ಸಲ ಹೇಳಿದ್ದೆ. "ಗಾಡಿ ಎಂಜಿನ್ ರೇಸ್ ಮಾಡದ ರಿಪೇರಿ ಹೆಂಗ ಆಗ್ತದ, ತಂಗಿ? ಹಗಲೊತ್ತಿನ್ಯಾಗ ಯಾರ್ ಮಲಗ್ತಾರ?" ಎಂದು ನೀವು ನಕ್ಕಿರಿ.

ಗುರುವಾರ ಅವರು ಮಷೀನಿನ ಮುಂದೆ ತೂಕಡಿಸಿದರು. ಬಲಗೈಯ ಎರಡು ಬೆರಳು ಹೋದವು.

ನಿನ್ನೆ ಮೋಸಂಬಿ ತಂದು "ದೇವರ ಇಚ್ಛಾ" ಅಂದಿರಿ. ದಯವಿಟ್ಟು ಇದನ್ನು ದೇವರ ಮೇಲೆ ಹಾಕಬೇಡಿ.

ಇವತ್ತು ಬೆಳಿಗ್ಗೆ ಮತ್ತೆ ಬುಲೆಟ್ ರೇಸ್ ಮಾಡಿದಿರಿ. ನೋವಿನಲ್ಲಿ ಆಗಷ್ಟೇ ಕಣ್ಣು ಹತ್ತಿದ್ದ ಅವರು ಬ್ಯಾಂಡೇಜಿನ ಕೈಯಿಂದಲೇ ಕಿವಿ ಮುಚ್ಚಿಕೊಂಡರು.

ನಾಳೆಯಿಂದ ಎಂಜಿನ್ ಪರೀಕ್ಷೆಗೆ ಗಾಡಿಗಳನ್ನು ಗಲ್ಲಿಯಾಚೆಯ ಮೈದಾನಕ್ಕೆ ಒಯ್ಯಿರಿ. ತಗಡು ಬಡಿಯುವಾಗ ಶಟರ್ ಇಳಿಸಿರಿ. ನೀವು ಇಳಿಸದಿದ್ದರೆ ನಾನೇ ಬಂದು ಎಳೆಯುತ್ತೇನೆ, ಗಿರಾಕಿಗಳ ಎದುರಿಗೇ.

ಇಂತಿ,
ಎದುರು ಮನೆಯ ರೇಣು